ಕಿವಿ ಕೇಳದ ನಾಯಿಗೆ ನಡುಗುವ ಬೆಲ್ಟ್: ಬಿಚ್ಚಿದ್ದು, ಕಟ್ಟಿದ್ದು, ಕಲಿಸಿದ್ದು

ಕೆಂಚನಿಗೆ ಈಗ ಕಿವಿ ಕೇಳುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮ ತೋಟದ ಮನೆ, ಸುತ್ತ ಸೊಪ್ಪಿನ ಬೆಟ್ಟ. ಅವನು ನಾಟಿ ನಾಯಿ, ವಯಸ್ಸಾಗಿದೆ, ಆದರೂ ದಿನಾ ತೋಟ ಸುತ್ತುವುದನ್ನು ಬಿಟ್ಟಿಲ್ಲ. ಸಂಜೆ ದಣಪೆ ದಾಟಿ ಬೆಟ್ಟದ ಕಡೆ ಹೋಗಿಬಿಟ್ಟರೆ ಕರೆಯುವುದು ಹೇಗೆ? ಕೂಗಿದರೆ ಕೇಳಿಸದು. ಚಿರತೆ ಓಡಾಡುವ ಜಾಗ ಇದು. ಕತ್ತಲಾದ ಮೇಲೆ ನಾಯಿ ಹೊರಗಿದ್ದರೆ ಮನೆಯಲ್ಲಿ ಯಾರಿಗೂ ಊಟ ಇಳಿಯುವುದಿಲ್ಲ. ಕಟ್ಟಿಹಾಕಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಜೀವಮಾನವೆಲ್ಲ ಬಿಡುಬೀಸಾಗಿ ಓಡಾಡಿದ ನಾಯಿಯನ್ನು ಮುದಿ ವಯಸ್ಸಿನಲ್ಲಿ ಕೊಟ್ಟಿಗೆ ಕಂಬಕ್ಕೆ ಬಿಗಿಯುವ ಮನಸ್ಸು ನನಗಿಲ್ಲ.

ಅದಕ್ಕೇ ಈ ಬೆಲ್ಟ್. ರಿಮೋಟ್ ಒತ್ತಿದರೆ ಕೊರಳಲ್ಲಿ ಒಂದು ಡಬ್ಬಿ ನಡುಗುತ್ತದೆ, ನಾಯಿ ಮನೆ ಕಡೆ ತಿರುಗುತ್ತದೆ, ಇಷ್ಟೇ ನನಗೆ ಬೇಕಾಗಿದ್ದುದು. ಟ್ರೈನಿಂಗ್ ಕಾಲರ್ ಅಂತ ಮಾರುವ ಸಾಮಾನಿನಲ್ಲಿ ಸಾಧಾರಣವಾಗಿ ಮೂರು ಕೆಲಸ ಇರುತ್ತವೆ: ಬೀಪ್ ಸದ್ದು, ವೈಬ್ರೇಶನ್, ಮತ್ತು ಶಾಕ್. ಕಿವುಡು ನಾಯಿಗೆ ಬೀಪ್ ದಂಡ. ಶಾಕ್ ನನಗೆ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ. ಉಳಿದದ್ದು ವೈಬ್ರೇಶನ್ ಒಂದೇ.

ಬೆಲ್ಟಿಗೆ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ನಾಯಿಗೆ ನಿಜವಾಗಿ ಕಿವಿ ಹೋಗಿದೆಯಾ, ಇಲ್ಲ ಕಿವಿಯೊಳಗೆ ಗುಗ್ಗೆ ತುಂಬಿ ಸೋಂಕಾಗಿದೆಯಾ ಅನ್ನುವುದು ಗೊತ್ತಾಗಬೇಕು. ಸೋಂಕಾದರೆ ಔಷಧಿ ಇದೆ. ನಾವು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಸ್ವಚ್ಛ ಇದೆ, ವಯಸ್ಸಿನದೇ ಅಂದರು. ಮನೆಯಲ್ಲೇ ಪರೀಕ್ಷೆ ಮಾಡುವವರು ನಾಯಿಯ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಆಗ ಗಾಳಿ ತಾಗಿದರೆ, ನೆಲ ಅದುರಿದರೆ, ನೆರಳು ಅಲುಗಿದರೆ ಕಿವುಡು ನಾಯಿಯೂ ತಿರುಗಿ ನೋಡುತ್ತದೆ. ಮಲಗಿದ್ದಾಗ, ದೂರದಲ್ಲಿ, ಕಣ್ಣಿಗೆ ಬೀಳದ ಕಡೆಯಿಂದ ಪಾತ್ರೆ ಬಡಿದು ನೋಡಿದರೆ ಸ್ವಲ್ಪ ನಂಬಬಹುದು.

ಡಬ್ಬಿ ಬಿಚ್ಚಿದ್ದು

ಹೊಸದು ಕೊಂಡಿಲ್ಲ. ಸಂಬಂಧಿಕರ ಮನೆಯಲ್ಲಿ ಕೆಟ್ಟು ಕೂತಿದ್ದ ಒಂದು ಕಾಲರ್ ಇತ್ತು. ಚಾರ್ಜ್ ಆಗುತ್ತಿರಲಿಲ್ಲ, ವೈಬ್ರೇಶನ್ ಸತ್ತಿತ್ತು. "ತಗೊಂಡೋಗು ಮಾರಾಯ, ಸುಮ್ನೆ ಧೂಳು ತಿಂತಾ ಬಿದ್ದಿದೆ" ಅಂದರು.

ಹಿಂದೆ ನಾಲ್ಕು ಸಣ್ಣ ಸ್ಕ್ರೂ, ಒಳಗೆ ಸುತ್ತಲೂ ತೆಳು ರಬ್ಬರ್ ಗ್ಯಾಸ್ಕೆಟ್. ಬಿಚ್ಚಿದ ತಕ್ಷಣ ಮಾಡಿದ ಮೊದಲ ಕೆಲಸ ಬ್ಯಾಟರಿಯ ವೈರ್ ಕಳಚಿದ್ದು. ಇದು 3.7 ವೋಲ್ಟಿನ ಲಿಥಿಯಂ ಪಾಲಿಮರ್ ಸೆಲ್, ಮೆತ್ತನೆ ಬೆಳ್ಳಿ ಬಣ್ಣದ ಚೀಲದ ತರಹ ಇರುತ್ತದೆ. ಸ್ಕ್ರೂಡ್ರೈವರ್ ತುದಿ ಅದಕ್ಕೆ ಚುಚ್ಚಿದರೆ ಬೆಂಕಿ ಹತ್ತಬಹುದು. ಉಬ್ಬಿದ್ದರೆ ಬಳಸಲೇಬಾರದು, ಬೇರೆ ಹಾಕಬೇಕು. ನಮ್ಮದು ಚಪ್ಪಟೆಯಾಗೇ ಇತ್ತು.

ಚಾರ್ಜ್ ಆಗದೇ ಇದ್ದುದಕ್ಕೆ ಕಾರಣ ಕಣ್ಣಿಗೇ ಕಂಡಿತು. ಚಾರ್ಜಿಂಗ್ ಪೋರ್ಟಿನೊಳಗೆ ಹಸಿರು ಕಿಲುಬು. ಮಳೆಯಲ್ಲಿ ನೆನೆದ ಮೇಲೆ ರಬ್ಬರ್ ಮುಚ್ಚಳ ತೆಗೆದು ಹಾಗೇ ಚಾರ್ಜಿಗೆ ಹಾಕಿದರೆ ಹೀಗಾಗುತ್ತದೆ, ತೇವದ ಜೊತೆ ಕರೆಂಟ್ ಸೇರಿದರೆ ತಾಮ್ರ ಬಹಳ ಬೇಗ ಕಿಲುಬು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆ ಟೂತ್‌ಬ್ರಶ್ ಅದ್ದಿ ನಿಧಾನಕ್ಕೆ ಉಜ್ಜಿದೆ. ಪೋರ್ಟಿನ ಮಧ್ಯದ ನಾಲಿಗೆ ತೆಳು, ಅದಕ್ಕೆ ಜೋರು ಮಾಡಬಾರದು. ಒಣಗಿದ ಮೇಲೆ ಚಾರ್ಜಿಂಗ್ ಲೈಟ್ ಹತ್ತಿತು.

ಇನ್ನು ವೈಬ್ರೇಶನ್. ಮೊಬೈಲಿನಲ್ಲಿ ಇರುವಂಥದೇ ಮೋಟರ್ ಇದು. ಗುಂಡಿಯಷ್ಟು ಅಗಲ, ಒಳಗೆ ಒಂದು ಪಕ್ಕಕ್ಕೆ ಭಾರ ಇರುವ ತುಂಡು ತಿರುಗುತ್ತದೆ, ಆ ಸಮತೋಲ ತಪ್ಪಿದ ಭಾರದಿಂದಲೇ ನಡುಕ. ಹೊರಗಿನಿಂದ 3 ವೋಲ್ಟ್ ಕೊಟ್ಟು ನೋಡಬಹುದು, ಅಂದರೆ ಗಡಿಯಾರಕ್ಕೆ ಹಾಕುವ ಎರಡು ಸೆಲ್ ಒಂದರ ಹಿಂದೆ ಒಂದು ಇಟ್ಟರೆ ಆಯಿತು. ಮುಟ್ಟಿಸಿದ ಕೂಡಲೇ ಗುರ್ ಅಂತು. ಹಾಗಾದರೆ ಮೋಟರ್ ಸರಿಯಿದೆ, ವೈರಿನಲ್ಲೇ ತೊಂದರೆ ಅಂತಾಯಿತು. ಭೂತಗನ್ನಡಿ ಹಿಡಿದು ನೋಡಿದರೆ ಕೆಂಪು ವೈರು ಸೋಲ್ಡರ್ ಬುಡದಲ್ಲೇ ತುಂಡಾಗಿ ಸುಮ್ಮನೆ ತಾಗಿಕೊಂಡು ನಿಂತಿದೆ. ಮೋಟರ್ ಅಂಟಿಸಿದ್ದ ಡಬಲ್ ಟೇಪಿನ ಅಂಟು ಸತ್ತು, ಮೋಟರ್ ಜಾಗದಲ್ಲೇ ಕುಣಿದು ಕುಣಿದು ವೈರು ಮುರಿದಿದೆ. ಇದು ಈ ಸಾಮಾನಿನ ಹುಟ್ಟುಗುಣ. ನಡುಗುವುದೇ ಅದರ ಕೆಲಸ, ಆ ನಡುಕವೇ ಅದರ ವೈರನ್ನು ಮುರಿಯುತ್ತದೆ.

25 ವಾಟಿನ ಸೋಲ್ಡರಿಂಗ್ ಕಡ್ಡಿಯಲ್ಲಿ ಹೊಸ ವೈರು ಬೆಸೆದೆ. ಒಂಟಿ ತಂತಿಯ ವೈರು ಬೇಡ, ಎಳೆ ಎಳೆ ಇರುವ ಮೆತ್ತನೆ ವೈರು ಹಾಕಿ, ಅದು ಬೇಗ ಮುರಿಯುವುದಿಲ್ಲ. ವೈರನ್ನು ಬಿಗಿಯಾಗಿ ಎಳೆಯದೆ ಸಣ್ಣ ಬಳಸು ಕೊಟ್ಟು, ಬೆಸುಗೆಯ ಬುಡಕ್ಕೆ ಒಂದು ಹನಿ ಸಿಲಿಕಾನ್ ಇಟ್ಟೆ. ಮೋಟರನ್ನು ಡಬ್ಬಿಯ ತಳಕ್ಕೇ, ಅಂದರೆ ನಾಯಿಯ ಚರ್ಮದ ಕಡೆಯ ಗೋಡೆಗೆ ಎಪಾಕ್ಸಿಯಲ್ಲಿ ಕೂರಿಸಿದೆ. ಮೊದಲು ಅದು ಬೋರ್ಡಿನ ಮೇಲೆ ಇತ್ತು. ಗೋಡೆಗೆ ಅಂಟಿಸಿದ ಮೇಲೆ ಅದೇ ಮೋಟರಿನ ನಡುಕ ಕೈಗೆ ಎಷ್ಟೋ ಜೋರಾಗಿ ಗೊತ್ತಾಗುತ್ತದೆ.

ಶಾಕ್ ತೆಗೆದದ್ದು

ಡಬ್ಬಿಯ ತಳದಲ್ಲಿ ಎರಡು ಲೋಹದ ಮೊಳೆ ಇರುತ್ತವೆ, ಅವು ತುಪ್ಪಳದ ಒಳಗೆ ಹೋಗಿ ಚರ್ಮಕ್ಕೆ ತಾಗಬೇಕು, ಕರೆಂಟ್ ಹರಿಯುವುದು ಅವುಗಳ ನಡುವೆ. ಮೊಳೆ ಬಿಚ್ಚಿದರೆ ಸಾಕಲ್ವಾ ಅನ್ನಿಸಬಹುದು. ಸಾಲದು. ಬೋರ್ಡಿನ ಮೇಲೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇದೆ, ಅದರಿಂದ ಮೊಳೆಗೆ ಎರಡು ವೈರು. ಬ್ಯಾಟರಿ ಕಳಚಿಟ್ಟೇ ಆ ಎರಡೂ ವೈರಿನ ಬೆಸುಗೆ ಬಿಡಿಸಿದೆ, ಒಂದೊಂದಕ್ಕೂ ಬೇರೆ ಬೇರೆ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ ಹಾಕಿ ಮುಚ್ಚಿದೆ. ಮೊಳೆ ಇದ್ದ ಜಾಗಕ್ಕೆ ಗಿಡ್ಡ ನೈಲಾನ್ ಸ್ಕ್ರೂ, ಕೆಳಗೆ ರಬ್ಬರ್ ವಾಷರ್. ರಿಮೋಟಿನ ಶಾಕ್ ಬಟನ್ ಮೇಲೆ ಗಟ್ಟಿ ಪ್ಲಾಸ್ಟಿಕ್ ತುಂಡು ಅಂಟಿಸಿದೆ. ಈಗ ಮಕ್ಕಳು ಏನು ಒತ್ತಿದರೂ ಕೆಂಚನಿಗೆ ನೋವಾಗುವ ದಾರಿಯೇ ಇಲ್ಲ.

ಜಗಲಿಯಲ್ಲಿ ಕೂತು ಈ ಕೆಲಸ ಮಾಡುತ್ತಿದ್ದಾಗ ಪಕ್ಕದ ಮನೆ ಅಣ್ಣ ಬಂದು ನೋಡಿ, "ಅಯ್ಯೋ, ಅದನ್ನ ಯಾಕೆ ಕಿತ್ತು ಹಾಕ್ತೀಯ? ನಮ್ಮನೆ ಮರಿ ಬೈಕಿನ ಹಿಂದೆ ಓಡೋದನ್ನ ಬಿಡಿಸೋಕೆ ಅದೇ ಬೇಕಿತ್ತಲ್ಲ" ಅಂದರು. ಅವರು ಕೆಟ್ಟವರಲ್ಲ, ನಾಯಿಯನ್ನು ಮಗುವಿನ ಹಾಗೆ ಸಾಕಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ನೋವಾದ ಕ್ಷಣದಲ್ಲಿ ನಾಯಿಯ ಕಣ್ಣ ಮುಂದೆ ಏನಿತ್ತೋ ಅದರಿಂದಲೇ ನೋವಾಯಿತು ಅಂತ ಅದು ತಿಳಿದುಕೊಳ್ಳಬಹುದು. ಬೈಕ್ ಕಂಡಾಗ ಶಾಕ್ ಕೊಟ್ಟರೆ 'ಓಡಬಾರದು' ಅಂತ ಕಲಿಯುವ ಬದಲು 'ಬೈಕ್ ಬಂದರೆ ಕೊರಳು ಉರಿಯುತ್ತದೆ' ಅಂತ ಕಲಿತರೆ, ನಾಳೆ ಅದೇ ನಾಯಿ ಹೆದರಿಕೆಯಿಂದ ಬೈಕ್ ಸವಾರನ ಕಾಲಿಗೆ ಬಾಯಿ ಹಾಕುತ್ತದೆ. ಆ ಹೊತ್ತಿಗೆ ದಾರಿಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ? ವೇಲ್ಸ್‌ನಲ್ಲಿ 2010ರಲ್ಲೇ ಶಾಕ್ ಕಾಲರ್ ಬಳಸುವುದನ್ನು ನಿಷೇಧಿಸಿದರು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಕರೆದರೆ ಬಾರದ ನಾಯಿಗಳೂ ಸೇರಿದ ಹಾಗೆ 63 ನಾಯಿಗಳ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ತಿಂಡಿ ಕೊಟ್ಟು, ಹೊಗಳಿ ಕಲಿಸಿದ ನಾಯಿಗಳು ಶಾಕ್ ಕಾಲರಿನಿಂದ ಕಲಿತವಕ್ಕಿಂತ ಬೇಗ, ಮೊದಲ ಮಾತಿಗೇ ಕೇಳಿದವು. ನೋವು ಕೊಡದೇ ಆಗುವ ಕೆಲಸಕ್ಕೆ ನೋವು ಯಾಕೆ ಕೊಡಬೇಕು? ನಮ್ಮಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರ 11ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ವಿನಾಕಾರಣ ನೋವು ಕೊಡುವುದು ಅಪರಾಧ, ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ ಅಪರಾಧ. ಈ ಎರಡನೆಯದು ನಮ್ಮ ಕಡೆ ಎಷ್ಟು ಮನೆಗಳಲ್ಲಿ ನಡೆಯುತ್ತಿದೆ ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಣ್ಣನ ಮರಿಗೆ ಬೇಕಿರುವುದು ಉದ್ದದ ಹಗ್ಗ ಮತ್ತು ಬೈಕ್ ಕಂಡಾಗಲೆಲ್ಲ ಬಾಯಿಗೆ ಒಂದು ತುತ್ತು. ಈಗ ಅದನ್ನೇ ಮಾಡುತ್ತಿದ್ದಾರೆ.

ನೀರು ಹೋಗದ ಹಾಗೆ ಮುಚ್ಚಿದ್ದು

ಡಬ್ಬಿಯ ಮೇಲೆ ಐಪಿಎಕ್ಸ್7 ಅಂತ ಬರೆದಿತ್ತು. ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಹಾಳಾಗಬಾರದು. ಆದರೆ ಒಮ್ಮೆ ಬಿಚ್ಚಿದ ಮೇಲೆ ಆ ಮಾತಿಗೆ ಬೆಲೆ ಇಲ್ಲ. ಗ್ಯಾಸ್ಕೆಟ್ ಒರೆಸಿ, ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಬೋರ್ಡ್ ಒಳಗಿಡುವ ಮುಂಚೆ ಖಾಲಿ ಡಬ್ಬಿಯೊಳಗೆ ಟಿಶ್ಯೂ ಪೇಪರ್ ಇಟ್ಟು ಮುಚ್ಚಿ, ನೀರು ತುಂಬಿದ ಬಕೆಟಿನ ತಳಕ್ಕೆ ಕಲ್ಲು ಹೇರಿ ಅರ್ಧ ಗಂಟೆ ಬಿಟ್ಟೆ. ಪೇಪರ್ ಒಣಗಿಯೇ ಇತ್ತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಪುಷ್ಯ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಈ ಪರೀಕ್ಷೆ ಮಾಡದೆ ನಾಯಿಯ ಕೊರಳಿಗೆ ಕಟ್ಟಬೇಡಿ.

ಬೆಲ್ಟ್

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಡಬ್ಬಿ ಎಷ್ಟೇ ಒಳ್ಳೆಯದಿದ್ದರೂ ಬೆಲ್ಟ್ ಸರಿ ಕೂರದಿದ್ದರೆ ಉಪಯೋಗವಿಲ್ಲ.

ಮೊದಲು ಬಟ್ಟೆಯ ವಿಚಾರ. ಚರ್ಮದ ಬೆಲ್ಟ್ ನಮ್ಮ ಮಳೆಗೆ ಬೂಸ್ಟು ಹಿಡಿಯುತ್ತದೆ, ನೆಂದು ಉಬ್ಬುತ್ತದೆ, ಒಣಗಿದ ಮೇಲೆ ಮರದ ಹಾಗೆ ಗಟ್ಟಿಯಾಗಿ ಕೊರಳು ತೀಡುತ್ತದೆ. ನೈಲಾನ್ ಬೆಲ್ಟ್ ನೀರು ಹೀರಿ ಸ್ವಲ್ಪ ಸಡಿಲಾಗುತ್ತದೆ, ಬೆಳಿಗ್ಗೆ ಅಳತೆ ನೋಡಿ ಕಟ್ಟಿದ್ದು ಮಧ್ಯಾಹ್ನ ಜೋಲುತ್ತದೆ. ಪಾಲಿಯೆಸ್ಟರ್ ಪಟ್ಟಿ ಅಷ್ಟು ನೀರು ಕುಡಿಯುವುದಿಲ್ಲ. ಪಾಲಿಯೆಸ್ಟರ್ ಮೇಲೆ ಪ್ಲಾಸ್ಟಿಕ್ ಲೇಪ ಇರುವ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು, ನೀರು ಒರೆಸಿದರೆ ಹೋಯಿತು, ವಾಸನೆಯೂ ಬರುವುದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬ್ಯಾಗ್ ಸಾಮಾನು ಮಾರುವ ಕಡೆ ಹುಡುಕಿ 25 ಮಿಲಿಮೀಟರ್ ಅಗಲದ್ದು ತಂದೆ. ಜೊತೆಗೆ ಸ್ಟೀಲ್ ಬಕಲ್ ಮತ್ತು ಅಗಲದ ಎಲಾಸ್ಟಿಕ್. ಬಕಲ್ ಕೊಳ್ಳುವಾಗ ಸ್ಟೇನ್‌ಲೆಸ್ ಸ್ಟೀಲ್ ಅಂತ ಖಾತ್ರಿ ಮಾಡಿಕೊಳ್ಳಿ, ಬರೀ ಹೊಳಪು ಹಾಕಿದ ಕಬ್ಬಿಣ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ತುಪ್ಪಳಕ್ಕೆಲ್ಲ ಬಣ್ಣ ಬಳಿಯುತ್ತದೆ.

ಎಲಾಸ್ಟಿಕ್ ಯಾಕೆ ಅಂದರೆ, ನಮ್ಮ ನಾಯಿಗಳು ಪಾರ್ಕಿನಲ್ಲಿ ತಿರುಗುವುದಿಲ್ಲ. ಲಂಟಾನ ಪೊದೆ, ತಂತಿ ಬೇಲಿ, ಬಿದ್ದ ಮರದ ಕೊಂಬೆ, ಇವುಗಳ ಸಂದಿಯಲ್ಲಿ ನುಗ್ಗುತ್ತವೆ. ಬೆಲ್ಟ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಉಸಿರುಗಟ್ಟಿ ಸಾಯಬಹುದು, ಕಿವುಡು ನಾಯಿ ಎಲ್ಲಿ ಸಿಕ್ಕಿಬಿದ್ದಿದೆ ಅಂತ ನಮಗೂ ಗೊತ್ತಾಗುವುದಿಲ್ಲ. ಅದಕ್ಕೆ ಬೆಲ್ಟಿನ ನಡುವೆ ಸುಮಾರು 6 ಸೆಂಟಿಮೀಟರ್ ಎಲಾಸ್ಟಿಕ್ ತುಂಡು ಸೇರಿಸಿ ಹೊಲಿಸಿದೆ. ಜೋರಾಗಿ ಎಳೆದರೆ ತಲೆ ಹೊರಗೆ ಬರುವಷ್ಟು ಅದು ಹಿಗ್ಗಬೇಕು. ಇದನ್ನು ನಾಯಿಗೆ ಹಾಕಿಯೇ ನೋಡಬೇಕು: ಬೆಲ್ಟನ್ನು ಹಿಡಿದುಕೊಂಡು, ಎದುರಿಗೆ ತಿಂಡಿ ತೋರಿಸಿ ಹಿಂದಕ್ಕೆ ಸರಿಯುವ ಹಾಗೆ ಮಾಡಿದರೆ, ತಲೆ ನುಣುಚಿಕೊಂಡು ಬರುತ್ತದೋ ಇಲ್ಲವೋ ತಿಳಿಯುತ್ತದೆ. ಕೆಂಚನ ತಲೆ ಚೂಪು, ಸಲೀಸಾಗಿ ಬಂತು. ಅಗಲ ತಲೆಯ ನಾಯಿಗೆ ಎಲಾಸ್ಟಿಕ್ ಇನ್ನೂ ಉದ್ದ ಬೇಕಾಗುತ್ತದೆ. ಇಂಥ ಬೆಲ್ಟಿಗೆ ಯಾವತ್ತೂ ಹಗ್ಗ ಕಟ್ಟಬೇಡಿ. ಹಗ್ಗ ಕಟ್ಟಬೇಕಾದರೆ ಎದೆಗೆ ಹಾಕುವ ಹಾರ್ನೆಸ್ ಬೇರೆ ಇರಲಿ.

ಹೊಲಿಗೆ ಹಾಕಿಕೊಟ್ಟವರು ತೀರ್ಥಹಳ್ಳಿಯಲ್ಲಿ ಚಪ್ಪಲಿ, ಬ್ಯಾಗ್ ಹೊಲಿಯುವವರು. ಮೇಣ ಸವರಿದ ಪಾಲಿಯೆಸ್ಟರ್ ದಾರದಲ್ಲಿ ಚೌಕ ಹೊಲಿದು ನಡುವೆ ಕತ್ತರಿ ಗುರುತಿನ ಹಾಗೆ ಇನ್ನೆರಡು ಸಾಲು ಹಾಕಿದರು. ನಾನು ಕೇಳುವ ಮೊದಲೇ ಹೊಲಿಗೆಯ ಗಂಟನ್ನು ಹೊರಮೈಗೆ ತಂದರು. "ಒಳಗೆ ಗಂಟು ಬಂದ್ರೆ ಕೊರಳಿಗೆ ಕಚ್ಚತ್ತೆ ಸ್ವಾಮಿ, ಎತ್ತಿನ ಕೊರಳಪಟ್ಟಿಗೂ ನಾವು ಹಾಗೇ ಮಾಡೋದು" ಅಂದರು. ಅಂಥ ಕೈಯಲ್ಲಿ ಕೆಲಸ ಮಾಡಿಸಿದ್ದಕ್ಕೆ ಮನಸ್ಸು ತುಂಬಿತು.

ಅಳತೆ ಎರಡು ಕಡೆ ತೆಗೆಯಬೇಕು. ಕಿವಿಯ ಹಿಂದೆ, ಕೊರಳಿನ ಮೇಲ್ಭಾಗದಲ್ಲಿ ಒಂದು, ಭುಜದ ಹತ್ತಿರ ಬುಡದಲ್ಲಿ ಒಂದು. ಕೆಂಚನಿಗೆ ಮೇಲೆ 36, ಕೆಳಗೆ 41 ಸೆಂಟಿಮೀಟರ್. ಡಬ್ಬಿ ಇರುವ ಬೆಲ್ಟ್ ಮೇಲ್ಭಾಗದಲ್ಲಿ ಕೂರಬೇಕು. ಅಲ್ಲಿ ಕೊರಳು ಸಣ್ಣ, ಜಾರಾಟ ಕಡಿಮೆ. ಕೆಳಗೆ ಕಟ್ಟಿದರೆ ನಾಯಿ ತಲೆ ತಗ್ಗಿಸಿ ಮೂಸುತ್ತಾ ಹೋಗುವಾಗ ಬೆಲ್ಟ್ ಮುಂದಕ್ಕೆ ಜಾರಿ ಸಡಿಲಾಗುತ್ತದೆ, ಡಬ್ಬಿ ಗಾಳಿಯಲ್ಲಿ ನೇತಾಡುತ್ತದೆ, ಆಗ ನಡುಗಿದರೂ ನಾಯಿಗೆ ಗೊತ್ತಾಗುವುದಿಲ್ಲ. ನಾಯಿ ನಿಂತಿರುವಾಗಲೇ ಕಟ್ಟಿ, ಎರಡು ಬೆರಳು ಚಪ್ಪಟೆಯಾಗಿ ಬೆಲ್ಟಿನ ಒಳಗೆ ಹೋಗಬೇಕು, ಮೂರನೆಯದು ಹೋಗಬಾರದು. ಕಟ್ಟಿದ ಮೇಲೆ ನಾಯಿ ಒಮ್ಮೆ ಮೈ ಕೊಡವಲಿ, ಆಮೇಲೆ ಮತ್ತೆ ಬೆರಳು ಹಾಕಿ ನೋಡಿ. ಕೊಡವಿದ ಮೇಲೆ ತುಪ್ಪಳ ಕೂತು ಅಳತೆ ಬದಲಾಗಿರುತ್ತದೆ.

ಇನ್ನೊಂದು ತೊಂದರೆ ಇತ್ತು. ಡಬ್ಬಿ ಭಾರ, ಹಾಗಾಗಿ ತಾನಾಗಿ ಜಾರಿ ಕೊರಳಿನ ಅಡಿಗೆ, ಸರಿಯಾಗಿ ಶ್ವಾಸನಾಳದ ಮೇಲೆ ಬಂದು ಕೂರುತ್ತದೆ. ಅಲ್ಲಿ ಗಟ್ಟಿ ಡಬ್ಬಿ ಒತ್ತುವುದು ನನಗೆ ಇಷ್ಟವಿರಲಿಲ್ಲ, ಅದರಲ್ಲೂ ಮುದಿ ನಾಯಿಗೆ. ಇದಕ್ಕೆ ಪರಿಹಾರ ಒಂದು ಹಿತ್ತಾಳೆ ಗಂಟೆ. ಕೊಟ್ಟಿಗೆಯಲ್ಲಿ ಕರುವಿನ ಹಳೆ ಗಂಟೆ ಇತ್ತು, ತಕ್ಕಡಿಯಲ್ಲಿಟ್ಟರೆ ಹೆಚ್ಚುಕಮ್ಮಿ ಡಬ್ಬಿಯಷ್ಟೇ ತೂಕ. ಡಬ್ಬಿ ಎಡಗಡೆ, ಗಂಟೆ ಬಲಗಡೆ, ನಡುವೆ ನಾಲ್ಕು ಬೆರಳು ಜಾಗ. ಎರಡೂ ಸಮ ತೂಗುವುದರಿಂದ ಬೆಲ್ಟ್ ತಿರುಗುವುದಿಲ್ಲ, ಶ್ವಾಸನಾಳದ ಮೇಲೆ ಬರೀ ಮೆತ್ತನೆ ಪಟ್ಟಿ ಇರುತ್ತದೆ. ಕೆಂಚ ಎಲ್ಲಿದ್ದಾನೆ ಅಂತ ನಮಗೆ ಸದ್ದಿನಿಂದಲೇ ಗೊತ್ತಾಗುತ್ತದೆ. ಕಿವಿ ಕೇಳುವ ನಾಯಿಗೆ ದಿನವಿಡೀ ಗಂಟೆ ಕಟ್ಟಬೇಡಿ, ಅದರ ಕಿವಿಯ ಬುಡದಲ್ಲೇ ಬಡಿಯುತ್ತಿರುತ್ತದೆ. ಅದಕ್ಕೆ ಗಂಟೆಯ ನಾಲಿಗೆ ಕಟ್ಟಿಬಿಡಿ, ತೂಕ ಮಾತ್ರ ಸಾಕು.

ರಿಮೋಟ್ ಎಷ್ಟು ದೂರ

ಡಬ್ಬದ ಮೇಲೆ ನೂರಾರು ಮೀಟರ್ ಅಂತ ಬರೆದಿರುತ್ತಾರೆ. ಅದು ಅಡ್ಡ ಏನೂ ಇಲ್ಲದ ಬಯಲಿನ ಲೆಕ್ಕ. ಮಲೆನಾಡಿನಲ್ಲಿ ಗುಡ್ಡ ಅಡ್ಡ ಬಂದರೆ ಸಿಗ್ನಲ್ ಮುಗಿಯಿತು. ನೆಂದ ಎಲೆಯೂ ರೇಡಿಯೋ ಅಲೆಗಳನ್ನು ನುಂಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಮುಟ್ಟಿದ ದೂರ ಮಳೆಗಾಲದಲ್ಲಿ ಮುಟ್ಟುವುದಿಲ್ಲ. ನಾಯಿಯ ಮೇಲೆ ಪ್ರಯೋಗ ಮಾಡದೆ ಅಣ್ಣನ ಮಗನ ಕೈಗೆ ಡಬ್ಬಿ ಕೊಟ್ಟು ತೋಟದೊಳಗೆ ಕಳಿಸಿದೆ. ನಡುಗಿದಾಗಲೆಲ್ಲ "ಚಿಕ್ಕಪ್ಪಾ, ಬಂತು!" ಅಂತ ಕೂಗಬೇಕು. ಅಡಿಕೆ ಮರಗಳ ನಡುವೆ ಸುಮಾರು 150 ಮೀಟರಿನವರೆಗೆ ಸರಿಯಾಗಿ ಬಂತು. ಬಸಿಗಾಲುವೆ ಆಚೆ ತಗ್ಗಿಗೆ ಇಳಿದ ಕೂಡಲೇ ನಿಂತಿತು. ನಾನು ಜಗಲಿ ಬಿಟ್ಟು ಮನೆ ಹಿಂದಿನ ದಿಬ್ಬ ಹತ್ತಿ ರಿಮೋಟ್ ಎತ್ತಿ ಹಿಡಿದರೆ ಅಲ್ಲೂ ಬಂತು. ಈಗ ಕರೆಯುವುದೇ ಆ ದಿಬ್ಬದಿಂದ.

ಸಿಮ್ ಹಾಕುವ ಜಿಪಿಎಸ್ ಬೆಲ್ಟ್ ಬಗ್ಗೆ ಕೇಳುವವರಿಗೆ: ಮನೆಯೊಳಗೇ ನೆಟ್‌ವರ್ಕ್ ಸಿಗದ ಕಡೆ ಅದನ್ನು ನಂಬಲು ಆಗುವುದಿಲ್ಲ.

ಕಲಿಸಿದ್ದು

ಕೊರಳಲ್ಲಿ ಇದ್ದಕ್ಕಿದ್ದಂತೆ ಏನೋ ಗುರ್ ಅಂದರೆ ಯಾವ ನಾಯಿಗಾದರೂ ಗಾಬರಿ. ಅದಕ್ಕೇ ಮೊದಲು ಡಬ್ಬಿ ಆಫ್ ಮಾಡಿ ಬರೀ ಬೆಲ್ಟ್ ಹಾಕಿದೆವು, ಊಟದ ಹೊತ್ತಿಗೆ ಮಾತ್ರ. ಬೆಲ್ಟ್ ಕೈಗೆತ್ತಿಕೊಂಡರೆ ಬಾಲ ಅಲ್ಲಾಡಿಸುವವರೆಗೂ ಮುಂದಿನ ಹಂತಕ್ಕೆ ಹೋಗಲಿಲ್ಲ.

ಆಮೇಲೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕೆಂಚನ ಭುಜಕ್ಕೆ ತಾಗಿಸಿ, ತೀರಾ ಕಡಿಮೆ ಮಟ್ಟದಲ್ಲಿ ಒಂದೇ ಒಂದು ಸಲ ಗುರ್ ಅನ್ನಿಸುವುದು, ತಕ್ಷಣ ಬಾಯಿಗೆ ಒಣಮೀನಿನ ಚೂರು. ತಕ್ಷಣ ಅಂದರೆ ತಕ್ಷಣವೇ. ಮೀನು ಹುಡುಕುತ್ತಾ ಜೇಬು ತಡಕಾಡುವಷ್ಟರಲ್ಲಿ ನಾಯಿಗೆ ಎರಡರ ಸಂಬಂಧ ಮರೆತುಹೋಗಿರುತ್ತದೆ. ಮೀನು ಇನ್ನೊಂದು ಕೈಯಲ್ಲಿ ರೆಡಿ ಇರಬೇಕು. ಉಪ್ಪು ಜಾಸ್ತಿ ಇದ್ದರೆ ತೊಳೆದು ನೆನೆಸಿ ಕೊಡಿ. ಮೀನು ತಿನ್ನದ ಮನೆಯವರು ಬೆಲ್ಲ-ಗಿಲ್ಲ ಬೇಡ, ಬೇಯಿಸಿದ ಕುಂಬಳಕಾಯಿಯೋ ಪನೀರೋ ಕೊಡಬಹುದು. ನಾಯಿಗೆ ಯಾವುದು ತೀರಾ ಇಷ್ಟವೋ ಅದನ್ನು ಈ ಗುರ್ ಶಬ್ದಕ್ಕೆ ಮಾತ್ರ ಮೀಸಲಿಡಿ, ಬೇರೆ ಹೊತ್ತಿನಲ್ಲಿ ಕೊಡಬೇಡಿ.

ಕೊರಳಿಗೆ ಕಟ್ಟಿ ಮೊದಲ ಸಲ ಒತ್ತಿದಾಗ ನಾಯಿಯ ಮುಖವನ್ನೇ ನೋಡುತ್ತಿರಿ. ಹಿಂಗಾಲಲ್ಲಿ ಕೆರೆದುಕೊಂಡರೆ ಉಣುಗು ಅಂದುಕೊಂಡಿದೆ ಅಂತ ಅರ್ಥ. ಬಾಲ ಒಳಗೆ ಹೋದರೆ, ಮೈ ಕುಗ್ಗಿಸಿದರೆ ಮಟ್ಟ ಜಾಸ್ತಿಯಾಯಿತು, ನಿಲ್ಲಿಸಿ, ಮತ್ತೆ ಕೈಯಲ್ಲಿ ಹಿಡಿಯುವ ಹಂತಕ್ಕೆ ಹೋಗಿ. ಕೆಂಚನ ಎಡಗಿವಿ ಒಂಚೂರು ಹಿಂದಕ್ಕೆ ತಿರುಗಿತು, ಮೂಸುವುದು ನಿಂತಿತು, ಆಮೇಲೆ ತಲೆ ಎತ್ತಿ ನನ್ನ ಕೈ ನೋಡಿದ. ಕೇಳದ ಕಿವಿಯೇ ಆದರೂ ತಿರುಗಿತಲ್ಲ ಅಂತ ಅಮ್ಮನಿಗೆ ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ಮುಂದೆ ದೂರ ಹೆಚ್ಚಿಸುವುದಷ್ಟೇ. ಅಂಗಳದಲ್ಲಿ ಎರಡು ಹೆಜ್ಜೆ, ನಾಲ್ಕು ಹೆಜ್ಜೆ, ಆಮೇಲೆ ಹಾರ್ನೆಸ್ಸಿಗೆ 10 ಮೀಟರ್ ಹಗ್ಗ ಕಟ್ಟಿಕೊಂಡು ತೋಟದಲ್ಲಿ. ಗುರ್ ಆದ ಮೇಲೆ ಅವನು ತಿರುಗಿ ನೋಡಿದಾಗ ನಾನು ಎರಡೂ ಕೈ ಅಗಲಿಸಿ ಎದೆಗೆ ತರುತ್ತೇನೆ, ಅದು 'ಬಾ' ಅಂತ. ಕೈಸನ್ನೆ ಬೇಕೇ ಬೇಕು, ಯಾಕೆಂದರೆ ಕಿವುಡು ನಾಯಿಗೆ ಗುರ್ ಎಲ್ಲಿಂದ ಬಂತು ಅಂತ ದಿಕ್ಕು ತಿಳಿಯುವುದಿಲ್ಲ, ಕಣ್ಣಿಗೆ ನಾವು ಬೀಳಬೇಕು. ಮುಸ್ಸಂಜೆಯಲ್ಲಿ ಕೈ ಕಾಣದಿದ್ದರೆ ಟಾರ್ಚನ್ನು ನೆಲಕ್ಕೆ ಬಿಟ್ಟು ಎರಡು ಸಲ ಹಾಕಿ ಆರಿಸುತ್ತೇನೆ. ಲೇಸರ್ ಬೆಳಕು ಬಳಸಬೇಡಿ, ಕಣ್ಣಿಗೂ ಕೆಟ್ಟದು, ಕೆಲವು ನಾಯಿಗಳಿಗೆ ಅದರ ಹಿಂದೆ ಓಡುವ ಹುಚ್ಚೂ ಹಿಡಿಯುತ್ತದೆ.

ಮನೆಯಲ್ಲಿ ಒಂದು ನಿಯಮ ಮಾಡಿದ್ದೇವೆ. ಗುರ್ ಅಂದರೆ ಬಾ ಅಂತ ಮಾತ್ರ, ಬಂದರೆ ತಿಂಡಿ ಸಿಗಲೇಬೇಕು. ಕೋಳಿ ಅಟ್ಟಿದ ಅಂತ ಸಿಟ್ಟಿನಲ್ಲಿ ಒತ್ತುವ ಹಾಗಿಲ್ಲ, ಒಣಗಲು ಹಾಕಿದ ಅಡಿಕೆ ಮೇಲೆ ಮಲಗಿದ ಅಂತ ಎಬ್ಬಿಸಲು ಒತ್ತುವ ಹಾಗಿಲ್ಲ. ಒತ್ತಿಯೂ ಬಾರದಿದ್ದರೆ ಮತ್ತೆ ಮತ್ತೆ ಒತ್ತುತ್ತಾ ನಿಲ್ಲುವುದಿಲ್ಲ, ಹೋಗಿ ಕರೆತರುತ್ತೇವೆ. ಸುಮ್ನೆ ಗುರ್ ಗುರ್ ಅನ್ನಿಸುತ್ತಿದ್ದರೆ ನಾಯಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ರಿಮೋಟ್ ಮಕ್ಕಳಿಗೆ ಎಟುಕದ ಹಾಗೆ ಬಾಗಿಲ ಮೇಲಿನ ಮೊಳೆಗೆ ನೇತುಹಾಕಿದೆ. ಮಲಗಿದ ಕೆಂಚನನ್ನು ಎಬ್ಬಿಸಬೇಕಾದರೆ ಮೂಗಿನ ಹತ್ತಿರ ಕೈ ಹಿಡಿಯುತ್ತೇವೆ, ವಾಸನೆಗೆ ಎದ್ದೇಳುತ್ತಾನೆ. ಕಿವುಡು ನಾಯಿಯನ್ನು ಇದ್ದಕ್ಕಿದ್ದಂತೆ ಮುಟ್ಟಿದರೆ ಬೆಚ್ಚಿ ಕಚ್ಚಬಹುದು, ಅದು ಅದರ ತಪ್ಪಲ್ಲ.

ಕರು ಎದುರಿಗಿದ್ದಾಗ, ಕೋಳಿ ಓಡಾಡುವಾಗ, ಕೊನೆಕೊಯ್ಲಿನ ಜನ ಇದ್ದಾಗ ಬರುವುದನ್ನು ಕಲಿಸಲು ತುಂಬ ಹೊತ್ತು ಹಿಡಿಯಿತು. ಮಂಗಗಳು ತೋಟಕ್ಕೆ ಇಳಿದಾಗ ಮಾತ್ರ ಈಗಲೂ ಬರುವುದಿಲ್ಲ. ಅದನ್ನು ನಾನು ಒಪ್ಪಿಕೊಂಡಿದ್ದೇನೆ, ಅದು ಅವನು ಹುಟ್ಟಾ ಮಾಡಿಕೊಂಡು ಬಂದ ಕೆಲಸ.

ದಿನದ ಆರೈಕೆ

ಬೆಲ್ಟ್ ಮಧ್ಯಾಹ್ನದ ಮೇಲೆ ಹಾಕಿ ಅವನು ಮನೆ ಸೇರಿದ ಕೂಡಲೇ ತೆಗೆಯುತ್ತೇವೆ. ರಾತ್ರಿ ಕೊರಳು ಖಾಲಿ. ಮೊಳೆ ಇರುವ ಕಾಲರನ್ನು ಬಹಳ ಹೊತ್ತು ಒಂದೇ ಜಾಗದಲ್ಲಿ ಬಿಟ್ಟರೆ ಒತ್ತಡಕ್ಕೆ ರಕ್ತ ಓಡದೆ ಚರ್ಮ ಸತ್ತು ಹುಣ್ಣಾಗುತ್ತದೆ. ಕೆಲವರು ಅದನ್ನು ಶಾಕಿನಿಂದ ಸುಟ್ಟ ಗಾಯ ಅಂದುಕೊಳ್ಳುತ್ತಾರೆ. ಮೊಳೆ ಇಲ್ಲದಿದ್ದರೂ ನೆಂದ ತುಪ್ಪಳದ ಮೇಲೆ ಬೆಲ್ಟ್ ಕೂತರೆ ಚರ್ಮ ಬೆಂದ ಹಾಗಾಗಿ ಕೆಂಪಾಗುತ್ತದೆ. ತೆಗೆದ ಮೇಲೆ ಒಣ ಬಟ್ಟೆಯಲ್ಲಿ ಕೊರಳು ಒರೆಸಿ, ತುಪ್ಪಳವನ್ನು ಬೆರಳಲ್ಲಿ ಎದುರು ದಿಕ್ಕಿಗೆ ಬಿಡಿಸಿ ನೋಡಿ. ಇಂಬಳ, ಉಣುಗು ಎರಡೂ ಬೆಲ್ಟಿನ ಅಂಚಿಗೇ ಸೇರುತ್ತವೆ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ, ಅದು ಹರಡುವುದು ಉಣುಗಿನಿಂದ. ಹಾಗಾಗಿ ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಹಿಸುಕುವ ರೂಢಿ ಬಿಡಿ. ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆದು, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಉಣುಗಿಗೆ ಔಷಧಿ ಇರುವ ಬೆಲ್ಟ್ ಹಾಕುವುದಿದ್ದರೆ ಡಾಕ್ಟರನ್ನು ಕೇಳಿ ಹಾಕಿ, ಅದರ ಮೇಲೆ ಈ ಡಬ್ಬಿ ಬಾರದ ಹಾಗೆ ನೋಡಿಕೊಳ್ಳಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡುತ್ತೇನೆ. ಈ ಡಬ್ಬಿ ಎಳೆಯುವ ಕರೆಂಟ್ ತೀರಾ ಕಡಿಮೆ, ಅದಕ್ಕೆ ಕೆಲವು ಪವರ್ ಬ್ಯಾಂಕ್ ಏನೂ ಸಿಕ್ಕಿಸಿಲ್ಲ ಅಂತ ತಿಳಿದು ತಾನಾಗೇ ಆಫ್ ಆಗುತ್ತದೆ. ಅದೇ ಪವರ್ ಬ್ಯಾಂಕಿಗೆ ಮೊಬೈಲನ್ನೂ ಜೊತೆಗೆ ಹಾಕಿದರೆ ನಡೆಯುತ್ತದೆ. ಪೋರ್ಟ್ ಪೂರ್ತಿ ಒಣಗದೆ ಚಾರ್ಜಿಗೆ ಹಾಕುವುದಿಲ್ಲ. ನೆಂದದ್ದನ್ನೆಲ್ಲ ಬಚ್ಚಲೊಲೆಯ ಹತ್ತಿರ ಒಣಗಿಸುವುದು ನಮ್ಮ ಕಡೆಯ ಅಭ್ಯಾಸ. ಬರೀ ಬೆಲ್ಟಾದರೆ ಒಲೆಯಿಂದ ದೂರ ನೇತುಹಾಕಿ, ಡಬ್ಬಿಯನ್ನು ಮಾತ್ರ ಆ ಕಡೆ ಒಯ್ಯಲೇಬೇಡಿ, ಒಳಗಿನ ಬ್ಯಾಟರಿಗೆ ಬಿಸಿ ಆಗದು.

ಎಲಾಸ್ಟಿಕ್ ಒಂದು ಮಳೆಗಾಲಕ್ಕಿಂತ ಜಾಸ್ತಿ ಬಾಳುವ ಹಾಗೆ ಕಾಣುವುದಿಲ್ಲ, ಹೊಲಿಗೆಯ ಪಕ್ಕದಲ್ಲಿ ಆಗಲೇ ಎಳೆ ಎದ್ದಿದೆ. ಇನ್ನೊಂದು ತುಂಡು ಕೊಂಡಿಟ್ಟಿದ್ದೇನೆ, ಆರಿದ್ರೆ ಮಳೆ ಹಿಡಿಯುವ ಮುಂಚೆ ಬದಲಾಯಿಸಿ, ಗ್ಯಾಸ್ಕೆಟ್ಟಿಗೆ ಮತ್ತೆ ಗ್ರೀಸ್ ಸವರಿ, ಬಕೆಟ್ ಪರೀಕ್ಷೆ ಇನ್ನೊಮ್ಮೆ ಮಾಡಬೇಕು.